ಕಣಜದ ಬಾಗಿಲಲ್ಲಿ ನವಿಲಿನ ಪರೀಕ್ಷೆ

ಕಾಡಿನ ಕಣಜಕ್ಕೆ ಕಾವಲಿದ್ದ ನವಿಲು ಕಳ್ಳರನ್ನು ತಡೆಯಲು ಹೊಸ ಪರೀಕ್ಷೆಯೊಂದನ್ನು ತಂದಿತು. ಒಳಗೆ ಹೋಗುವವರು ಅದು ಬಿಚ್ಚಿ ತೋರಿಸುವ ಗರಿಗಳಲ್ಲಿ ಬಣ್ಣ ಮಾಸಿದ್ದು ಯಾವುದೆಂದು ಹೇಳಬೇಕಿತ್ತು.

ಕಣ್ಣು ಕಾಣದ ಅಳಿಲಜ್ಜಿ ತಾನು ಕೂಡಿಟ್ಟ ಕಾಯಿಗಳಿಗಾಗಿ ಬಂದಳು. “ನವಿಲಣ್ಣ, ನನಗೆ ಗರಿ ಕಾಣುವುದಿಲ್ಲ. ನನ್ನ ದನಿ ನಿನಗೆ ಗೊತ್ತಲ್ಲ. ಇಲ್ಲವೇ ಮುಟ್ಟಿ ಗುರುತಿಸುವಂಥದ್ದೇನಾದರೂ ಕೊಡು,” ಎಂದಳು.

“ಒಬ್ಬರಿಗಾಗಿ ನಿಯಮ ಬದಲಿಸಿದರೆ ಭದ್ರತೆಯ ಗತಿಯೇನು ಅಜ್ಜಿ? ಕಣ್ಣಿರುವ ಯಾರನ್ನಾದರೂ ಕರೆದುಕೊಂಡು ಬನ್ನಿ,” ಎಂದಿತು ನವಿಲು.

ಹಸಿದಿದ್ದ ಅಜ್ಜಿ ದಾರಿಯಲ್ಲಿ ಹೋಗುತ್ತಿದ್ದ ಕೋತಿಯನ್ನು ಬೇಡಿಕೊಂಡಳು. ಕಾಯಿಗಳು ಯಾವ ಮೂಲೆಯಲ್ಲಿವೆ ಎಂಬ ಗುಟ್ಟನ್ನೂ ಅದಕ್ಕೆ ಹೇಳಬೇಕಾಯಿತು. ಕೋತಿ ಮಾಸಿದ ಗರಿಯನ್ನು ಥಟ್ಟನೆ ತೋರಿಸಿ ಒಳಗೆ ಹೋಯಿತು. ಕಾಯಿಗಳನ್ನೆಲ್ಲ ಬಾಚಿಕೊಂಡು, ನವಿಲಿಗೆ ಕೈಮುಗಿದು, ಸದ್ದಿಲ್ಲದೆ ಮರವೇರಿ ಹೊರಟುಹೋಯಿತು.

ಅಜ್ಜಿ ಬಾಗಿಲ ಬಳಿ ಕಾದೇ ಕಾದಳು. ಇಲಿಯೊಂದು ನಡೆದದ್ದನ್ನು ಹೇಳಿದಾಗ ಅವಳು ನವಿಲಿನತ್ತ ತಿರುಗಿದಳು. “ಅಯ್ಯೋ, ಕಳ್ಳನನ್ನೇ ಒಳಗೆ ಬಿಟ್ಟೆಯಲ್ಲಪ್ಪ!”

“ಬಾಯಿಗೆ ಬಂದಂತೆ ಮಾತಾಡಬೇಡಿ,” ಎಂದು ನವಿಲು ಗರಿ ಕೊಡವಿತು. “ಅವನ ಉತ್ತರ ಸರಿಯಾಗಿತ್ತು. ಈ ಪರೀಕ್ಷೆ ಶುರುವಾದಾಗಿನಿಂದ ನನ್ನ ಕೈಗೆ ಸಿಕ್ಕಿಬಿದ್ದ ಅನುಮಾನಾಸ್ಪದ ಪ್ರಾಣಿಯೆಂದರೆ ನೀವೊಬ್ಬರೇ.”