ಎಳ್ಳಿನಷ್ಟು ನೀಲಿ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಯುಗಾದಿಯ ಮಾರನೆಯ ದಿನ, ವರ್ಷತೊಡಕಿನಂದು. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಅನ್ನುತ್ತಾರೆ. ನಾನು ನಡೆದೆ. ಆರನೇ ಕ್ಲಾಸಿನ ಪುಸ್ತಕ ಕಿಟಕಿಯಲ್ಲೇ ಉಳಿಯಿತು. ಎಷ್ಟೋ ಊರು ಸುತ್ತಿದ ಮೇಲೆ ಈ ಮಠಕ್ಕೆ ಬಂದೆ. ಇಲ್ಲಿ ಎರಡು ವರ್ಷ ಕೂತೆ. ನನ್ನ ಮಟ್ಟಿಗೆ ಅದು ಬಹಳವೇ ಆಯಿತು.

ಒಂದು ಬೆಳಿಗ್ಗೆ ಗುರುಗಳ ಮುಂದೆ ಕೂತು ಕೇಳಿದೆ.

"ಬುದ್ಧೀ, ನನ್ನ ಜೊತೆ ಸೇರಿದವರು ಗ್ರಂಥಗಳನ್ನೇ ಬಾಯಿಪಾಠ ಮಾಡಿದ್ದಾರೆ. ನನಗೆ ಇಲ್ಲಿ ತಿಳಿದದ್ದು ಒಂದೇ ಒಂದು ಮಾತು. ಅದು ಮಾತ್ರ ನಿಜವಾಗಿ ತಿಳಿದಿದೆ. ಒಂದು ಬಾಳಿಗೆ ಅಷ್ಟು ಸಾಕೇ? ಸಾಲದು ಅಂದರೆ ಇಲ್ಲೇ ಕೂತು ಓದುತ್ತೇನೆ. ಸಾಕು ಅಂದರೆ ಹೊರಡುತ್ತೇನೆ."

ಗುರುಗಳು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ತಂದೆ ಊರ ದೇವಿಗೆ ನವರತ್ನದ ಪದಕ ಮಾಡಿಸಿಕೊಡುತ್ತೇನೆಂದು ಹರಕೆ ಹೊತ್ತಿದ್ದ. ಎಂಟು ಹರಳು ಕೂರಿಸಿದ್ದಾಯಿತು. ಉಳಿದದ್ದು ನೀಲ. ನೀಲ ಶನಿಯ ಹರಳು. ಅದನ್ನು ಮಾರುವವನೂ ಅಂಜುತ್ತಾನೆ, ಕೊಳ್ಳುವವನೂ ಅಂಜುತ್ತಾನೆ. ಆದರೆ ಅದನ್ನು ಬಿಟ್ಟರೆ ಒಂಬತ್ತು ಗ್ರಹಗಳಲ್ಲಿ ಒಂದನ್ನು ಬಾಗಿಲ ಹೊರಗೆ ನಿಲ್ಲಿಸಿದ ಹಾಗೆ. ನೀಲ ಸಿಗುವ ಮೊದಲೇ ತಂದೆ ತೀರಿಕೊಂಡ. ಅಕ್ಕಸಾಲಿ ಪದಕದಲ್ಲಿ ನೀಲಕ್ಕೆಂದು ಕೊರೆದಿದ್ದ ಗುಳಿಗೆ ಅರಗು ತುಂಬಿ ಬಿಟ್ಟ. ದೇವಿಯ ಮುಂದೆ ನಿಂತವರಿಗೆಲ್ಲ ಮೊದಲು ಕಾಣುತ್ತಿದ್ದದ್ದು ಆ ಅರಗು.

"ಒಂದು ನೀಲಿ ಗಾಜು ಕೂರಿಸಿಬಿಡೋಣ ಶೆಟ್ಟರೇ. ದೇವಿಯೇನು ಕೇಳುತ್ತಾಳೆಯೇ?" ಎಂದ ಅಕ್ಕಸಾಲಿ.

"ಅವಳು ಸುಮ್ಮನಿರಬಹುದು ಆಚಾರ್ರೇ. ನಮ್ಮಪ್ಪ ಸುಮ್ಮನಿರುವುದಿಲ್ಲ" ಎಂದ ವ್ಯಾಪಾರಿ.

ಅವನು ನೀಲ ಹುಡುಕಿಕೊಂಡು ಹೊರಟ. ಮೂರು ವರ್ಷ ತಿರುಗಿದ. ಒಳ್ಳೆಯ ನೀಲವೆಲ್ಲ ಅರಮನೆಗಳಿಗೆ ಹೋಗುತ್ತಿತ್ತು. ಕೊನೆಗೆ ಕಡಲಿನಾಚೆಯ ಒಂದು ದ್ವೀಪದಲ್ಲಿ, ಹೊಳೆಯ ಮಣ್ಣನ್ನು ಬುಟ್ಟಿಯಲ್ಲಿ ತೊಳೆದು ಹರಳು ಹುಡುಕುವವರ ಹತ್ತಿರ, ಒಂದು ಕಲ್ಲು ಸಿಕ್ಕಿತು. ಗಾತ್ರಕ್ಕೆ ಹುಣಸೆ ಬೀಜಕ್ಕಿಂತ ದೊಡ್ಡದು. ಬಣ್ಣ ಮಾತ್ರ ಅಕ್ಕಿ ತೊಳೆದ ನೀರಿನದು. ಒಂದು ಮೂಲೆಯಲ್ಲಿ ಎಳ್ಳಿನಷ್ಟು ಕಡು ನೀಲಿ. ವ್ಯಾಪಾರಿ ತನ್ನಲ್ಲಿದ್ದ ಮುತ್ತನ್ನೆಲ್ಲ ಕೊಟ್ಟು ಅದನ್ನು ಕೊಂಡ. ಇನ್ನೊಂದು ಕಲ್ಲು ಕೊಳ್ಳಲು ಅವನ ಹತ್ತಿರ ಏನೂ ಉಳಿಯಲಿಲ್ಲ.

ಕಡಲು ದಾಟಿ ಮರಳಿದಾಗ, ರೇವಿನ ಪೇಟೆಯಲ್ಲಿ ಹರಳಿಗೆ ಸಾಣೆ ಹಿಡಿಯುವವರು ಕಲ್ಲು ನೋಡಿ ನಕ್ಕರು.

"ಬಿಳಿಯದನ್ನೆಲ್ಲ ಅರೆದು ತೆಗೆದರೆ ಒಂದು ಎಳ್ಳು ಸಿಗುತ್ತದೆ ಶೆಟ್ಟರೇ. ಇರುವೆಗೆ ಮೂಗುಬೊಟ್ಟು ಮಾಡಿಸಬಹುದು" ಎಂದ ಒಬ್ಬ.

ಒಬ್ಬಳು ಮುದುಕಿ ನಗಲಿಲ್ಲ. ಗಂಡ ಸತ್ತ ಮೇಲೆ ಅವನ ಸಾಣೆಯನ್ನು ತಾನೇ ತಿರುಗಿಸಿಕೊಂಡು ಬಾಳಿದವಳು. ಅವಳು ಕಲ್ಲನ್ನು ಒಂದು ಬಟ್ಟಲು ನೀರಿಗೆ ಹಾಕಿ ನೋಡುತ್ತ ಕೂತಳು. ಹತ್ತು ದಿನ ಸಾಣೆ ಮುಟ್ಟಲಿಲ್ಲ.

"ಅಜ್ಜೀ, ನಾನು ಕಲ್ಲು ಕೊಟ್ಟದ್ದು ಸಾಣೆ ಹಿಡಿಯಲಿಕ್ಕೆ. ನೀವು ಅದಕ್ಕೆ ಸ್ನಾನ ಮಾಡಿಸುತ್ತ ಕೂತಿದ್ದೀರಿ" ಎಂದ ವ್ಯಾಪಾರಿ.

"ನಾನು ನೋಡಿ ಆಮೇಲೆ ಅರೆಯುವವಳು. ಅರೆದು ಆಮೇಲೆ ನೋಡುವವರು ಬೇಕಿದ್ದರೆ ಪಕ್ಕದ ಬೀದಿಯಲ್ಲಿ ಇದ್ದಾರೆ, ಹೋಗಿ."

ಹನ್ನೊಂದನೆಯ ದಿನ ಅವಳು ಕಲ್ಲಿನ ಮೇಲೆ ಮಸಿಯಲ್ಲಿ ಗುರುತು ಹಾಕಿದಳು. ನೋಡುವ ಮುಖ ಇತ್ತ, ಚೂಪು ತಳ ಅತ್ತ. ನೀಲಿ ಚುಕ್ಕೆ ತಳದ ತುದಿಗೆ ಬಂದಿತ್ತು. ವ್ಯಾಪಾರಿ ಮುಂದೆ ಬಗ್ಗಿ ಆ ಚುಕ್ಕೆಯ ಮೇಲೆ ಬೆರಳಿಟ್ಟ.

"ಇರುವುದೇ ಒಂದು ಚುಕ್ಕೆ. ಅದನ್ನೂ ಹೂತುಬಿಡುತ್ತೀರಾ? ಮುಖಕ್ಕೆ ಬರುವ ಹಾಗೆ ಮಾಡಿ. ನೋಡಿದವರಿಗೆ ಅಷ್ಟಾದರೂ ಕಾಣಲಿ."

"ಮುಖದಲ್ಲಿಟ್ಟರೆ ಬಿಳಿ ಪಂಚೆಗೆ ಮಸಿ ಬಿದ್ದ ಹಾಗೆ ಕಾಣುತ್ತದೆ. ತಳದಲ್ಲಿಟ್ಟರೆ, ಒಳಗೆ ಹೋದ ಬೆಳಕೆಲ್ಲ ಅದನ್ನು ಮುಟ್ಟಿಯೇ ಹೊರಗೆ ಬರಬೇಕು."

"ಮುಟ್ಟದೆ ಬಂದರೆ?"

"ಬಂದರೆ ಬಂತು. ಅರೆದದ್ದನ್ನು ಮತ್ತೆ ಅಂಟಿಸಲಿಕ್ಕೆ ನನಗೆ ಬರುವುದಿಲ್ಲ. ಕಲ್ಲು ನಿಮ್ಮದು."

ವ್ಯಾಪಾರಿ ಹೊರಗೆ ಹೋಗಿ ಅವಳ ಜಗಲಿಯ ಮೇಲೆ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ. ಹೊತ್ತು ಇಳಿಯುವಾಗ ಒಳಗೆ ಬಂದು, "ಅರೆಯಿರಿ" ಎಂದ.

ಹದಿನೆಂಟು ದಿನ ಸಾಣೆ ತಿರುಗಿತು. ಕಲ್ಲು ದಿನದಿನಕ್ಕೆ ಸಣ್ಣದಾಯಿತು, ಬೂದಿಯ ಹಾಗೆ ಮಂಕಾಯಿತು. ಮೆರುಗು ಕೊಡುವ ತನಕ ಹರಳು ಏನನ್ನೂ ತೋರಿಸುವುದಿಲ್ಲ. ವ್ಯಾಪಾರಿ ದಿನವೂ ಬಂದು ನೋಡಿದ. ಒಂದು ದಿನವೂ ನಿಲ್ಲಿಸಿ ಎನ್ನಲಿಲ್ಲ.

ಕೊನೆಗೆ ಮುದುಕಿ ಮೆರುಗು ಕೊಟ್ಟು, ಸೆರಗಿನಲ್ಲಿ ಒರೆಸಿ, ಹರಳನ್ನು ಅವನ ಅಂಗೈಯಲ್ಲಿ ಇಟ್ಟಳು. ಅಂಚಿನಿಂದ ಅಂಚಿಗೆ ನೀಲಿ. ಅವನು ಅದನ್ನು ಅಡ್ಡ ಹಿಡಿದು ನೋಡಿದ. ನೀರಿನಂಥ ಕಲ್ಲು, ತುದಿಯಲ್ಲಿ ಒಂದು ಎಳ್ಳು. ಮತ್ತೆ ಮೇಲಿನಿಂದ ನೋಡಿದ. ನೀಲಿ.

ಅವನು ಊರಿಗೆ ಬಂದ. ಅಕ್ಕಸಾಲಿ ಅರಗು ಕೆರೆದು ತೆಗೆದು ಹರಳನ್ನು ಗುಳಿಯಲ್ಲಿ ಇಟ್ಟು ನೋಡಿದ.

"ತಳ ಚೂಪಾಯಿತು ಶೆಟ್ಟರೇ, ಕೂರುವುದಿಲ್ಲ. ತುದಿ ಒಂದು ಚೂರು ಉಜ್ಜಿಬಿಡುತ್ತೇನೆ. ಕೆಳಗಿನದು ಯಾರಿಗೆ ಕಾಣುತ್ತದೆ?"

ವ್ಯಾಪಾರಿ ಅವನ ಮುಂಗೈ ಹಿಡಿದುಕೊಂಡ.

"ಬಂಗಾರ ಕೊರೆಯಿರಿ ಆಚಾರ್ರೇ."

ಅಕ್ಕಸಾಲಿ ಗುಳಿಯನ್ನು ಆಳ ಮಾಡಿದ. ಹರಳು ಕೂತಿತು. ಹರಕೆ ತೀರಿತು. ಆಮೇಲೆ ಆ ಹರಳಿನ ತಳವನ್ನು ಯಾರೂ ನೋಡಿಲ್ಲ. ಇಡೀ ಕಲ್ಲಿಗೆ ಕಲ್ಲೇ ನೀಲಿ, ಇಂಥದ್ದು ಎಲ್ಲಿ ಸಿಕ್ಕಿತು ಶೆಟ್ಟರೇ ಎಂದು ಬಂದವರೆಲ್ಲ ಕೇಳಿದರು. ವ್ಯಾಪಾರಿ ದ್ವೀಪದ ಹೆಸರು ಹೇಳಿದ. ಬೇರೇನೂ ಹೇಳಲಿಲ್ಲ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ನನಗೆ ಹಿಗ್ಗಾಯಿತು. ಒಂದೇ ಮಾತಾದರೂ ಸಾಕು ಎಂದು ಹೇಳಿದ ಹಾಗಾಯಿತಲ್ಲ ಎಂದುಕೊಂಡೆ. ಆ ಮಾತನ್ನು ಅವರ ಮುಂದೆ ಇಡಬೇಕೆನ್ನಿಸಿತು.

"ಹಾಗಾದರೆ ಕೇಳಿ ಬುದ್ಧೀ, ನನಗೆ ತಿಳಿದದ್ದು ಏನೆಂದರೆ..."

ಗುರುಗಳು ಕೈ ಎತ್ತಿದರು.

"ಅದು ತಳದಲ್ಲೇ ಇರಲಿ. ನನಗೂ ಹೇಳಬೇಡ."

ತೆರೆದ ಬಾಯಿ ಮುಚ್ಚಿದೆ. ಅವರ ಪಾದ ಮುಟ್ಟಿದೆ. ಆಮೇಲೆ ಎದ್ದು ಒಳಗೆ ಹೋದೆ. ಇದ್ದ ಎರಡು ಪಂಚೆಗಳನ್ನು ಮಡಿಸಿ, ತಂಬಿಗೆಯನ್ನು ನಡುವೆ ಇಟ್ಟು, ಗಂಟು ಕಟ್ಟತೊಡಗಿದೆ.