ಕಂಚಿನ ಗಂಟೆ ಮತ್ತು ಹಸಿ ಇಟ್ಟಿಗೆ

ಸ್ಪೇನ್ ದೇಶದ ಪಾದ್ರಿಗಳು ಕ್ಯಾಲಿಫೋರ್ನಿಯಾಕ್ಕೆ ಬಂದು ಕಟ್ಟಿಸಿದ ಒಂದು ಇಗರ್ಜಿ. ಅದರ ಮಣ್ಣಿನ ಗೋಡೆಯ ಕಮಾನಿನಲ್ಲಿ ತೂಗುತ್ತಿದ್ದ ಕಂಚಿನ ಗಂಟೆ ತನ್ನನ್ನು ಹೊತ್ತಿದ್ದ, ಸುಡದೆ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಗೆ ಹೇಳಿತು: "ಈ ಇಗರ್ಜಿ ಕಟ್ಟಿದ್ದು ನಾನು. ನಾನು ಕೂಗಿದೆ, ಈ ನಾಡಿನ ಕಾಡುಜನ ಓಡಿ ಬಂದರು, ಗೋಡೆ ಎದ್ದಿತು."

"ಓಡಿ ಬಂದರೇ?" ಇಟ್ಟಿಗೆ ಕೆರಳಿತು. "ಓಡಿಹೋದವರನ್ನು ಸಿಪಾಯಿಗಳು ಕಟ್ಟಿ ಎಳೆದು ತಂದರು. ನಿನ್ನ ಸದ್ದಿಗೆ ಏಳಬೇಕು, ನಿನ್ನ ಸದ್ದಿಗೆ ಉಣ್ಣಬೇಕು, ತಡವಾದರೆ ಬೆನ್ನಿಗೆ ಚಾಟಿ. ಮಣ್ಣು ತುಳಿದು ನನ್ನನ್ನು ಮಾಡಿದ ಹೆಂಗಸಿನ ಅಂಗೈ ಗುರುತು ಇನ್ನೂ ನನ್ನ ಮೈಮೇಲಿದೆ. ಅವಳನ್ನು ಇದೇ ಗೋಡೆಯ ಬುಡದಲ್ಲಿ ಹೂತರು. ತಲೆದೆಸೆಗೆ ಒಂದು ಕಲ್ಲಾದರೂ ನೆಟ್ಟರೇ?"

"ಮಣ್ಣಿಗೆ ಇಷ್ಟು ಮಾತೇ! ಬಾಯಿ ಮುಚ್ಚು" ಎಂದಿತು ಗಂಟೆ.

ಆ ವರ್ಷ ಮಳೆ ಜೋರಾಗಿ ಹೊಡೆಯಿತು. ಪ್ರತಿ ಮಳೆಗಾಲಕ್ಕೆ ಮುಂಚೆ ಗೋಡೆಗೆ ಸುಣ್ಣದ ಗಾರೆ ಬಳಿಯುತ್ತಿದ್ದ ಕೈಗಳು ಈಗ ಇರಲಿಲ್ಲ. ರೋಗ, ದುಡಿತಗಳಲ್ಲಿ ಸತ್ತವರು ಸತ್ತಿದ್ದರು, ಉಳಿದವರು ಬೆಟ್ಟ ಸೇರಿದ್ದರು. ಗಾರೆ ಕಿತ್ತುಹೋಗಿ ಇಟ್ಟಿಗೆ ಕರಗತೊಡಗಿತು. ಗಂಟೆಗೆ ಜೀವ ಬಾಯಿಗೆ ಬಂತು. "ಬನ್ನಿ, ಗಾರೆ ಬಳಿಯಿರಿ!" ಎಂದು ಗಾಳಿಯಲ್ಲಿ ಬಡಿದುಕೊಂಡಿತು. ಯಾರೂ ಬರಲಿಲ್ಲ.

"ಇನ್ನೂ ಜೋರಾಗಿ ಕೂಗು" ಎಂದಿತು ಇಟ್ಟಿಗೆ. "ಗೋಡೆ ಕಟ್ಟಿದ್ದು ನೀನೇ ಅಲ್ಲವೇ?"

ಗಂಟೆ ಇನ್ನೂ ಜೋರಾಗಿ ಬಡಿದುಕೊಂಡಿತು. ಆ ಅದುರುವಿಕೆಗೆ, ಮಳೆಯಲ್ಲಿ ನೆನೆದ ಗೋಡೆ ಕುಸಿಯಿತು. ಗಂಟೆ ಬೋರಲಾಗಿ ಬಿದ್ದು ಆ ಹೆಂಗಸಿನ ತಲೆದೆಸೆಯ ಕೆಸರಿನಲ್ಲಿ ಹೂತು ನಿಂತಿತು. ಅವಳ ಗೋರಿಗೆ ಕಡೆಗೂ ಒಂದು ಗುರುತಾಯಿತು, ಅದೂ ಬಾಯಿ ಮುಚ್ಚಿಕೊಂಡು.