ಕಾಯಿಸಿ ಪಾಸು ಮಾಡಿದ ತುಂಡು

ಹರಿಹರದ ಹೊರಗೆ ಗ್ಯಾಸ್ ಟ್ಯಾಂಕ್ ಮಾಡೋ ಒಂದು ವರ್ಕ್‌ಶಾಪು. ಅಲ್ಲಿ ಹಾಲಪ್ಪ ಅಂತ ಒಬ್ಬ ವೆಲ್ಡರ್. ಕೈಯೇನೋ ಬಂಗಾರ, ಬುದ್ಧಿ ಮಾತ್ರ ಬರೀ ಅವಸರದ್ದು.

ಟ್ಯಾಂಕಿಗೆ ಕೈ ಹಾಕೋ ಮೊದಲು ಅದೇ ಉಕ್ಕಿನ ಒಂದು ತುಂಡು ಬೆಸೆದು ಪರೀಕ್ಷೆಗೆ ಕೊಡಬೇಕು. ಉಕ್ಕನ್ನು ಮೊದಲು ಬೆಚ್ಚಗೆ ಮಾಡಿ, ಆಮೇಲೆ ಬೆಸೆದು, ನಿಧಾನಕ್ಕೆ ಆರಲು ಬಿಡಬೇಕು. ಬೇಗ ಆರಿದರೆ ಬೆಸುಗೆಯ ಅಂಚು ಗಡಸಾಗುತ್ತೆ. ಗಡಸು ಅಂದ್ರೆ ಒಳ್ಳೇದು ಅಂದ್ಕೋಬೇಡಿ ಮತ್ತೆ! ಗಡಸಾದದ್ದು ಬಾಗೋದಿಲ್ಲ, ಸೀಳುತ್ತೆ.

ಹಾಲಪ್ಪ ಬೆಚ್ಚಗೆ ಮಾಡದೆ ಬೆಸೆದ. ಅಳತೆ ನೋಡಿದರೆ ಮಿತಿ ಮೀರಿದ ಗಡಸು. ಇನ್ನೊಂದು ತುಂಡು ಬೆಸೆಯೋದು ಬಿಟ್ಟು, ಯಾರೂ ಇಲ್ಲದಾಗ ಅದನ್ನೇ ಗ್ಯಾಸ್ ಉರಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿ ಲ್ಯಾಬಿಗೆ ಕಳಿಸಿದ. ತುಂಡು ಪಾಸಾಯ್ತು. ಬೆಚ್ಚಗೆ ಮಾಡದೇ ಬೆಸೆದದ್ದು ಅಂತ ಹಾಲಪ್ಪ ಹೇಳಿಕೊಂಡ, ಕಾಯಿಸಿದ್ದು ಮಾತ್ರ ಹೇಳಲಿಲ್ಲ. ಬೆಚ್ಚಗೆ ಮಾಡೋದೇ ಬೇಕಿಲ್ಲ ಅಂತ ಎಲ್ಲರೂ ನಂಬಿದರು, ಇಡೀ ಟ್ಯಾಂಕನ್ನು ಹಾಗೇ ಬೆಸೆದರು.

ಟ್ಯಾಂಕು ಲಾರಿ ಏರೋ ದಿನ ಹಾಲಪ್ಪನ ಅಳಿಯ ಶಿವಯೋಗಿ ಫೋನ್ ಮಾಡಿದ. "ಮಾವಾ, ನೀವು ಮಾಡಿದ ಟ್ಯಾಂಕು ನಮ್ಮ ಫ್ಯಾಕ್ಟರಿಗೇ ಬರ್ತಿದೆಯಂತೆ. ಅದರ ಪಕ್ಕದಲ್ಲೇ ನನ್ನ ಡ್ಯೂಟಿ" ಅಂದ, ಹೆಮ್ಮೆಯಿಂದ.

ಊಟಕ್ಕೆ ಕೂತ ಹಾಲಪ್ಪ ಬುತ್ತಿ ಮುಚ್ಚಿಟ್ಟು ಎದ್ದ. ದೂರದಲ್ಲಿ ಸುತ್ತಿಗೆ ಬಡಿದರೂ ಬೆಚ್ಚಿಬಿದ್ದ. ಏನಪ್ಪ ಮುಖ ಬಾಡಿದೆ ಅಂತ ಯಾರೋ ಕೇಳಿದರೆ, ಬೆಸುಗೆ ಸರಿಯಾಗೇ ಇದೆ ಅಂದುಬಿಟ್ಟ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ! ಹೇಳಿದರೆ ಕೆಲಸ ಹೋಗುತ್ತೆ. ಹೇಳದಿದ್ದರೆ ಮಗಳ ಕುಂಕುಮವೇ ಹೋಗಬಹುದು.

ಕ್ರೇನು ಟ್ಯಾಂಕನ್ನು ಎತ್ತುತ್ತಿದ್ದಾಗ ಅವನಿಗೆ ತಡೆಯಲಾಗಲಿಲ್ಲ. ಮೇಸ್ತ್ರಿ ಮೌನೇಶಾಚಾರಿಯ ಹತ್ತಿರ ಓಡಿ ಎಲ್ಲ ಹೇಳಿಬಿಟ್ಟ.

ಆಚಾರಿ ಟ್ಯಾಂಕನ್ನು ಕೆಳಗಿಳಿಸಿದರು. ಬೆಸುಗೆಗೆ ಕೆಂಪು ಬಣ್ಣ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರು. ಬಿರುಕಿದ್ದರೆ ಒಳಗೆ ಇಳಿದ ಕೆಂಪು ಹೊರಗೆ ಒಸರುತ್ತೆ. ಎಲ್ಲರೂ ಸುತ್ತ ಸೇರಿ ಬಗ್ಗಿ ನೋಡಿದರು. ಬಿಳಿಯ ಮೇಲೆ ಕೂದಲಿನಷ್ಟು ಸಣ್ಣ ಕೆಂಪು ಗೆರೆ ಮೂಡಿತು. ನೋಡನೋಡುತ್ತಲೇ ಮೊಳದುದ್ದ ಆಯಿತು.

"ತುಂಡು ಪಾಸಾಗಿತ್ತಲ್ಲ ಆಚಾರ್ರೇ" ಅಂತ ಒಬ್ಬ ಪಿಸುಗುಟ್ಟಿದ.

"ಅದು ಈ ಟ್ಯಾಂಕಿಗೆ ಗೊತ್ತೇನಪ್ಪ?" ಅಂದರು ಆಚಾರಿ.

ಹಾಲಪ್ಪ ಅಲ್ಲೇ ಕುಸಿದು ಕೂತು, ಮಗಳ ಹೆಸರು ಹಿಡಿದು ಅತ್ತ.

ನೀತಿ: ಪರೀಕ್ಷೆ ಇರೋದು ನಮ್ಮ ತಪ್ಪು ತೋರಿಸೋಕೆ, ಮುಚ್ಚೋಕಲ್ಲ. ಅದಕ್ಕೆ ಮೋಸ ಮಾಡುವಾಗ, ಆ ಮೋಸದ ಪಕ್ಕದಲ್ಲಿ ನಾಳೆ ಯಾರು ನಿಂತಿರ್ತಾರೆ ಅಂತ ಯಾರಿಗೂ ಗೊತ್ತಿರೋದಿಲ್ಲ.